ಒಂದು ದಿನದ ಅಳತೆ

‘ಚಿಂತೆ’ ಮತ್ತು ‘ಚಿಂತನೆ’ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಎರಡಕ್ಕೂ ಮೂಲ ಯೋಚಿಸುವುದೇ. ಆದರೆ ಚಿಂತನೆ ಒಂದು ವಿಷಯವನ್ನು ಹಿಡಿದು ಮುಂದೆ ಸಾಗುತ್ತದೆ. ಚಿಂತೆ ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತದೆ, ರಾತ್ರಿಯಿಡೀ ನಡೆದರೂ ಬೆಳಗಾಗುವಾಗ ಹೊರಟ ಜಾಗದಲ್ಲೇ ನಿಂತಿರುತ್ತದೆ. ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಸೊನ್ನೆಯ ಅಂತರ, ಮೊದಲನೆಯದು ಸತ್ತವರನ್ನು ಸುಟ್ಟರೆ ಎರಡನೆಯದು ಬದುಕಿರುವವರನ್ನೇ ಸುಡುತ್ತದೆ ಎಂದು ಹಿರಿಯರು ಎಚ್ಚರಿಸುತ್ತ ಬಂದಿದ್ದಾರೆ. ಮಾತು ನಿಜವೇ. ಆದರೂ ಉರಿಯಲ್ಲಿ ನಿಂತವರಿಗೆ ಬೆಂಕಿಯ ಸ್ವಭಾವವನ್ನು ವಿವರಿಸಿದ ಮಾತ್ರಕ್ಕೆ ಉರಿ ಆರುವುದಿಲ್ಲ. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಕನ್ನಡ ಸತ್ಯವೇದವನ್ನು ಓದುತ್ತ ಬೆಳೆದ ನನಗೆ, ದಿನನಿತ್ಯದ ಚಿಂತೆಯೊಡನೆ ಬಾಳುವ ಬಗೆಯನ್ನು ಆ ವಿಶ್ವಾಸ ಹೇಗೆ ಕಲಿಸಿತು ಎಂಬುದನ್ನು ಒಮ್ಮೆ ಬರೆದಿಡಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ನಮ್ಮ ಊರು ಉಡುಪಿಯ ಸಮೀಪದ ಒಂದು ಹಳ್ಳಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಕೆಲಸದಿಂದ ಬೆಳೆದ ಸಭೆಗಳಲ್ಲಿ ಒಂದಕ್ಕೆ ಸೇರಿದವರು ನಾವು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಮೋಗ್ಲಿಂಗ್, 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಕನ್ನಡ ಓದುಗರಿಗೆಲ್ಲ ಪರಿಚಿತರು. ನಮ್ಮ ಮನೆಯ ಮಟ್ಟಿಗೆ ಆ ಪರಂಪರೆ ಎರಡು ವಸ್ತುಗಳಾಗಿ ಉಳಿದಿತ್ತು: ಮಾಡಿನ ಮೇಲಿನ ಹೆಂಚು, ಚಾವಡಿಯ ಮೇಜಿನ ಮೇಲಿನ ಸತ್ಯವೇದ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದಿನಗೂಲಿಗೆ ದುಡಿದವರು. ಬೆಳಗಿನ ಹೊತ್ತು ನೆರೆಮನೆಯ ರೇಡಿಯೋದಿಂದ ಕನಕದಾಸರ ಕೀರ್ತನೆ ಕೇಳಿಬರುತ್ತಿತ್ತು. ತಲ್ಲಣಿಸುವ ಮನಸ್ಸಿಗೆ ತಾಳ್ಮೆ ಹೇಳುವ ಆ ಕೀರ್ತನೆಯಲ್ಲಿ ದಾಸರು ಬೆಟ್ಟದ ಮೇಲಿನ ಮರವನ್ನೂ ಕಲ್ಲಿನೊಳಗಿನ ಕಪ್ಪೆಯನ್ನೂ ತೋರಿಸುತ್ತಾರೆ. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಓದುತ್ತಿದ್ದ ಪರ್ವತಪ್ರಸಂಗದಲ್ಲಿ ಯೇಸು ಆಕಾಶದ ಹಕ್ಕಿಗಳನ್ನೂ ಹೊಲದ ಹೂವುಗಳನ್ನೂ ತೋರಿಸುತ್ತಾನೆ. ಇಬ್ಬರೂ ಅಂಜಿದ ಮನುಷ್ಯನ ಕಣ್ಣನ್ನು ಅವನ ಮೇಲಿಂದ ತೆಗೆದು ಹೊರಗೆ ತಿರುಗಿಸಿದರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಮುಂಬಯಿಯಲ್ಲಿ.

ಹೊರನಾಡಿನಲ್ಲಿರುವ ನಮಗೆಲ್ಲ ತಿಳಿದಿರುವ ಒಂದು ವಿಶೇಷ ಚಿಂತೆಯಿದೆ. ಅದರ ಹೆಸರು ‘ಊರಿನ ಫೋನು’. ಹಗಲಲ್ಲಿ ಬಂದರೆ ಅದು ಸುದ್ದಿ. ರಾತ್ರಿ ಹತ್ತರ ನಂತರ ಬಂದರೆ, ಎತ್ತುವ ಮೊದಲೇ ಎದೆ ಎಲ್ಲ ಸಾಧ್ಯತೆಗಳನ್ನೂ ಎಣಿಸಿ ಮುಗಿಸಿರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಿನ ಮನೆಯಲ್ಲಿ ಒಬ್ಬಳೇ. ಮುಂಬಯಿಗೆ ಬಂದು ಇರು ಎಂದರೆ ಹದಿನೈದು ದಿನಗಳ ಮೇಲೆ ನಿಲ್ಲುವುದಿಲ್ಲ. ಎಂಟನೆಯ ಮಾಳಿಗೆಯ ಕಿಟಕಿಯಿಂದ ಕೆಳಗೆ ನೋಡಿ, “ಇಲ್ಲಿ ಮಣ್ಣು ಎಲ್ಲುಂಟು?” ಎಂದು ಕೇಳುತ್ತಾಳೆ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹೀಗೆ ಅವಳು ಅಲ್ಲಿ, ನಾವು ಇಲ್ಲಿ, ನಡುವೆ ಒಂದು ರಾತ್ರಿಯ ರೈಲು ಪ್ರಯಾಣ.

ನಾಲ್ಕು ವರ್ಷಗಳ ಹಿಂದೆ, ಆಷಾಢದ ಮಳೆ ಜೋರಾಗಿದ್ದಾಗ, ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ನೆರೆಮನೆಯ ಅಕ್ಕ ಕೂಗು ಕೇಳಿ ಓಡಿಬಂದರು. ರಸ್ತೆಯ ಆಚೆಯ ಬ್ಯಾರಿ ಹುಡುಗ ತನ್ನ ರಿಕ್ಷಾವನ್ನು ಅಂಗಳದವರೆಗೆ ತಂದು ನಿಲ್ಲಿಸಿದ. ಸೊಂಟದ ಪೆಟ್ಟು ಎಂದು ತಿಳಿದಾಗ ತಾನೇ ಆಂಬುಲೆನ್ಸಿಗೆ ಫೋನು ಮಾಡಿದ. ನನಗೆ ಸುದ್ದಿ ತಲುಪುವಾಗ ಅಮ್ಮ ಆಸ್ಪತ್ರೆಯ ಹಾದಿಯಲ್ಲಿದ್ದಳು. ವಿಮಾನದ ಟಿಕೇಟು ಸಿಗಲಿಲ್ಲ, ಸಿಕ್ಕಿದ್ದು ರೈಲು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆಯುವ ಮೊದಲು ಊರಿಗೆ ಹೋಗಲು ನಾವು ಪಡುತ್ತಿದ್ದ ಪಾಡನ್ನು ನೆನೆದರೆ ಇದು ಸುಖದ ದಾರಿಯೇ. ಆದರೆ ಮಳೆಗಾಲದಲ್ಲಿ ಆ ಮಾರ್ಗದ ವೇಳಾಪಟ್ಟಿಯೇ ಬೇರೆ. ಗುಡ್ಡ ಜರಿಯುವ ಭಯದಿಂದ ಗಾಡಿಗಳನ್ನು ನಿಧಾನವಾಗಿ ಓಡಿಸುತ್ತಾರೆ.

ಆ ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಸುರಂಗಗಳು ಗೊತ್ತು. ರತ್ನಾಗಿರಿಯ ಹತ್ತಿರದ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದ. ಒಳಗೆ ಹೋದೊಡನೆ ಫೋನಿನ ಸಂಪರ್ಕ ಕಡಿಯುತ್ತದೆ. ಶಸ್ತ್ರಚಿಕಿತ್ಸೆ ಇಂದೋ ನಾಳೆಯೋ, ಅವಳ ಹೃದಯ ಅರಿವಳಿಕೆಯನ್ನು ತಾಳೀತೋ ಇಲ್ಲವೋ, ಇದಾವುದಕ್ಕೂ ಆ ಕತ್ತಲೆಯಲ್ಲಿ ಉತ್ತರ ಬರುವಂತಿರಲಿಲ್ಲ. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಪ್ರಾರ್ಥಿಸೋಣವೆಂದರೆ ವಾಕ್ಯಗಳು ಕೂಡಿಬರಲಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠವಾದ ಕರ್ತನ ಪ್ರಾರ್ಥನೆಯೊಂದೇ ನಾಲಿಗೆಯ ಮೇಲೆ ಉಳಿದಿತ್ತು. ಅದನ್ನೇ ಹೇಳುತ್ತ ಹೋದೆ. ಭಯ ಹೋಗಲಿಲ್ಲ. ಆದರೆ ಅಷ್ಟು ಹೊತ್ತು ನನ್ನೊಳಗೇ ಸುತ್ತುತ್ತಿದ್ದ ಭಯಕ್ಕೆ ಕೇಳುವವನೊಬ್ಬ ಸಿಕ್ಕಿದ ಹಾಗಾಯಿತು. ನನ್ನ ಅನುಭವದಲ್ಲಿ ಪ್ರಾರ್ಥನೆಯ ಮೊದಲ ಉಪಕಾರ ಇದೇ. ತನ್ನಷ್ಟಕ್ಕೆ ಗುನುಗುವ ಮನಸ್ಸು ಇನ್ನೊಬ್ಬರ ಕಡೆ ಮುಖ ಮಾಡಿ ಮಾತಾಡತೊಡಗುತ್ತದೆ.

ಆಸ್ಪತ್ರೆ ತಲುಪಿದಾಗ ಹಾಸಿಗೆಯಲ್ಲಿದ್ದ ಅಮ್ಮ ಕೇಳಿದ ಮೊದಲ ಮಾತು: “ಊಟ ಆಯ್ತಾ? ರೈಲಲ್ಲಿ ಎಂತ ತಿಂದದ್ದು?”

ಮರುದಿನ ನೋಡಲು ಬಂದವರಲ್ಲಿ ಕೆಲವರು ಹೇಳಿದ್ದು ಬೇರೆ ಮಾತು: “ವಿಶ್ವಾಸ ಇರುವವರು ಚಿಂತೆ ಮಾಡಬಾರದು. ಚಿಂತೆ ಮಾಡುವುದೆಂದರೆ ದೇವರನ್ನು ನಂಬದ ಹಾಗೆ.” ಅವರು ಸದುದ್ದೇಶದಿಂದಲೇ ಹೇಳಿದರು, ನಮ್ಮ ಸಭೆಗಳಲ್ಲಿ ಈ ಮಾತು ನಾಣ್ಯದಂತೆ ಕೈಯಿಂದ ಕೈಗೆ ಸಾಗುತ್ತದೆ. ಆದರೆ ಅದು ಕೇಳುವವರ ಹೆಗಲ ಮೇಲೆ ಇನ್ನೊಂದು ಹೊರೆಯನ್ನು ಹೇರುತ್ತದೆ. ಮೊದಲಿದ್ದದ್ದು ತಾಯಿಯ ಚಿಂತೆ. ಈಗ ತನ್ನ ವಿಶ್ವಾಸದಲ್ಲೇ ಕೊರತೆಯಿದೆಯೇನೋ ಎಂಬ ಚಿಂತೆಯೂ ಸೇರಿತು. ಆಸ್ಪತ್ರೆಯ ಆ ಹತ್ತು ರಾತ್ರಿಗಳಲ್ಲಿ, ಅಮ್ಮನ ಮಂಚದ ಪಕ್ಕದ ಬೆಂಚಿನಲ್ಲಿ ಕುಳಿತು, ಸತ್ಯವೇದ ನಿಜವಾಗಿಯೂ ಹಾಗೆ ಹೇಳುತ್ತದೆಯೇ ಎಂದು ನಿಧಾನವಾಗಿ ಓದಿದೆ.

ಎಲೀಯನ ಕಥೆ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಬರುತ್ತದೆ. ಮಹಾ ಪ್ರವಾದಿ, ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಗೆದ್ದವನು. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ತನಗೆ ಬದುಕು ಸಾಕಾಯಿತೆಂದು ಮರಣವನ್ನು ಬೇಡುತ್ತಾನೆ. ಆಗ ಬಂದ ದೂತನು ಅವನ ಅವಿಶ್ವಾಸವನ್ನು ಖಂಡಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು ತಟ್ಟಿ ಎಬ್ಬಿಸುತ್ತಾನೆ. ಎಲೀಯ ತಿಂದು ಕುಡಿದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲವೂ ಎಬ್ಬಿಸಿ ಉಣಿಸುತ್ತಾನೆ. ದೇವರ ಮಾತು ಕೇಳಿಸುವುದು ಊಟ, ನಿದ್ದೆ, ದೂರದ ಪ್ರಯಾಣ ಎಲ್ಲ ಆದ ಮೇಲೆ. ಮೂಳೆ ಮುರಿದು ಮಲಗಿದ್ದರೂ ರೈಲಿನಲ್ಲಿ ಏನು ತಿಂದೆ ಎಂದು ವಿಚಾರಿಸಿದ ಅಮ್ಮ ಆ ದೂತನ ಕಡೆಯವಳು ಎಂದು ನನಗನಿಸಿತು.

ಪೌಲನ ಮಾತೂ ಹಾಗೆಯೇ ಕುತೂಹಲದ್ದು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಯಾವ ವಿಷಯಕ್ಕೂ ಚಿಂತಿಸದೆ ಎಲ್ಲವನ್ನೂ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿರೆಂದು ಅವನು ಸೆರೆಯಿಂದ ಬರೆಯುತ್ತಾನೆ. ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಕಷ್ಟಗಳನ್ನು ಪಟ್ಟಿಮಾಡುವಾಗ, ಎಲ್ಲ ಸಭೆಗಳ ಚಿಂತೆ ದಿನದಿನವೂ ತನ್ನನ್ನು ಒತ್ತುತ್ತಿದೆ ಎನ್ನುತ್ತಾನೆ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಇರುವುದು ಒಂದೇ ಮಾತಿನ ರೂಪಗಳು. ಫಿಲಿಪ್ಪಿಯವರ ಯೋಗಕ್ಷೇಮವನ್ನು ತಿಮೊಥೆಯನಷ್ಟು ಮನಃಪೂರ್ವಕವಾಗಿ ವಿಚಾರಿಸುವವರು ಬೇರೆ ಇಲ್ಲವೆಂದು ಹೊಗಳುವಾಗ ಬಳಸಿದ ಕ್ರಿಯಾಪದವೂ ಅದೇ. ಎಂದಮೇಲೆ ಪೌಲನ ಮನಸ್ಸಿನಲ್ಲಿ ಎರಡು ಬಗೆಯ ಚಿಂತೆಗಳಿರಬೇಕು: ಮನುಷ್ಯನನ್ನು ಒಳಗೇ ತಿನ್ನುವುದು ಒಂದು, ಇನ್ನೊಬ್ಬರ ಕ್ಷೇಮಕ್ಕಾಗಿ ಎಚ್ಚರವಾಗಿರುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವುದೇ ಪ್ರಾರ್ಥನೆಯ ಕೆಲಸವೆಂದು ನಾನು ತಿಳಿದಿದ್ದೇನೆ. ಇನ್ನು ಯೇಸುವೇ ಗೆತ್ಸೇಮನೆ ತೋಟದಲ್ಲಿ, ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುವಷ್ಟು ಕಳವಳದಲ್ಲಿ ಪ್ರಾರ್ಥಿಸಿದನೆಂದು ಲೂಕನು ಬರೆಯುತ್ತಾನೆ. ಆ ರಾತ್ರಿ ಅವನು ಶಿಷ್ಯರನ್ನು ಕೇಳಿಕೊಂಡದ್ದು ತನ್ನ ಜೊತೆ ಎಚ್ಚರವಾಗಿರಿ ಎಂದು. ಕಳವಳವನ್ನು ಅವಿಶ್ವಾಸವೆಂದು ಕರೆಯುವವರು ಈ ತೋಟವನ್ನು ದಾಟಿ ಹೋಗಬೇಕಾಗುತ್ತದೆ.

ನಮ್ಮ ಸಭೆಗಳಲ್ಲಿ ಮದುವೆಯ ಮನೆಯಿಂದ ಸಾವಿನ ಮನೆಯವರೆಗೆ ಎಲ್ಲೆಡೆ ಹಾಡುವ ಒಂದು ಗೀತೆಯಿದೆ. ಯೇಸುವನ್ನು ಗೆಳೆಯನೆಂದು ಕರೆದು, ನೋವನ್ನೆಲ್ಲ ಅವನಿಗೆ ಹೇಳಿಕೊಳ್ಳಬಹುದೆಂಬ ಭಾವದ್ದು. ಇಂಗ್ಲಿಷಿನಲ್ಲಿ ಅದನ್ನು ಬರೆದವನು ಜೋಸೆಫ್ ಸ್ಕ್ರಿವನ್. 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಅವನ ಮದುವೆ ನಿಶ್ಚಯವಾಗಿದ್ದ ಹುಡುಗಿ ಮದುವೆಗೆ ಮುಂಚೆಯೇ ನೀರಿನಲ್ಲಿ ಮುಳುಗಿ ತೀರಿಕೊಂಡಳು. ಅವನು ದೂರದ ಕೆನಡಾಕ್ಕೆ ಹೋಗಿ ನೆಲೆಸಿದ. 1855ರಲ್ಲಿ, ಊರಿನಲ್ಲಿ ಸಂಕಟದಲ್ಲಿದ್ದ ತಾಯಿಯ ಸಮಾಧಾನಕ್ಕಾಗಿ ಈ ಪದ್ಯವನ್ನು ಬರೆದು ಕಳುಹಿಸಿದ. ನಡುವೆ ಇದ್ದದ್ದು ಅಟ್ಲಾಂಟಿಕ್ ಸಾಗರ. 1868ರಲ್ಲಿ ಚಾರ್ಲ್ಸ್ ಕಾನ್ವರ್ಸ್ ಅದಕ್ಕೆ ರಾಗ ಕೂಡಿಸಿದ. ಬಾಲ್ಯದಿಂದ ಹಾಡುತ್ತ ಬಂದ ಹಾಡು, ಪರಊರಿನಲ್ಲಿದ್ದ ಮಗನೊಬ್ಬ ಊರಿನ ತಾಯಿಗೆ ಬರೆದದ್ದೆಂದು ತಿಳಿದಾಗ ಅದು ನಮ್ಮಂಥವರದೇ ಹಾಡಾಯಿತು.

ಅವನ ಕಥೆಯ ಕೊನೆಯನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮುಪ್ಪಿನಲ್ಲಿ ಕಾಯಿಲೆಯಿಂದಲೂ ಮನಸ್ಸಿನ ಕುಗ್ಗುವಿಕೆಯಿಂದಲೂ ಬಳಲಿದ ಸ್ಕ್ರಿವನ್ 1886ರಲ್ಲಿ ನೀರಿನಲ್ಲಿ ಮುಳುಗಿ ಸತ್ತ. ಅದು ಆಕಸ್ಮಿಕವೋ ಅಲ್ಲವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಇದನ್ನು ಹೇಳಿದರೆ ಹಾಡಿನ ಬೆಲೆ ಕಡಿಮೆಯಾಗುತ್ತದೆಂದು ಕೆಲವರಿಗೆ ಭಯ. ನನಗೆ ಹಾಗನಿಸುವುದಿಲ್ಲ. ದಡದಲ್ಲಿ ನಿಂತವನು ಈಜಿನ ಬಗ್ಗೆ ಹೇಳುವುದಕ್ಕೂ ನೀರಿನೊಳಗಿದ್ದವನು ಕೂಗಿ ಹೇಳುವುದಕ್ಕೂ ವ್ಯತ್ಯಾಸವಿದೆ. ಲಕ್ಷಾಂತರ ಜನರಿಗೆ ಆಸರೆಯಾದ ಪದಗಳು ತನಗೇ ಆಸರೆ ಬೇಕಾಗಿದ್ದವನಿಂದ ಬಂದವು ಎಂಬುದರಿಂದ ಅವು ನನಗೆ ಇನ್ನಷ್ಟು ಹತ್ತಿರವಾಗಿವೆ.

ಹಾಗಾದರೆ ವಿಶ್ವಾಸ ಕೊಡುವುದೇನು? ನಾನು ಕಂಡ ಮಟ್ಟಿಗೆ ಅದು ಚಿಂತೆಗೆ ಒಂದು ಅಳತೆಯನ್ನು ಕೊಡುತ್ತದೆ. ವಿಮೋಚನಕಾಂಡದಲ್ಲಿ ಅರಣ್ಯದ ಜನರಿಗೆ ಮನ್ನ ಸುರಿದ ಕಥೆಯಿದೆ. ಪ್ರತಿಯೊಬ್ಬನೂ ಆ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು. ನಾಳೆಗೆಂದು ಉಳಿಸಿಕೊಂಡವರ ಪಾತ್ರೆಯಲ್ಲಿ ಅದು ಹುಳಬಿದ್ದು ನಾರಿತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಿಡಬೇಕು, ಏಕೆಂದರೆ ಮರುದಿನ ಸಬ್ಬತ್ತು. ಆ ದಿನ ಇಟ್ಟದ್ದು ಕೆಡಲಿಲ್ಲ. ಮುಂದಾಲೋಚನೆ ಬೇಡವೆಂದು ಕಥೆ ಹೇಳುವುದಿಲ್ಲ. ನಾಳೆಗಾಗಿ ಇಂದು ಮಾಡಬಹುದಾದ ಕೆಲಸವಿದ್ದರೆ ಅದನ್ನು ಮಾಡಿಡಬೇಕು. ಮಾಡಲಾಗದ್ದನ್ನು ಇಂದೇ ಹೊತ್ತರೆ ಅದು ಪಾತ್ರೆಯಲ್ಲೇ ಹುಳಬೀಳುತ್ತದೆ.

ಅಮ್ಮ ಈ ಲೆಕ್ಕವನ್ನು ಯಾವ ವ್ಯಾಖ್ಯಾನವನ್ನೂ ಓದದೆ ಕಲಿತವಳು. ಅವಳ ರಾತ್ರಿಯ ಪ್ರಾರ್ಥನೆಯಲ್ಲಿ ದೊಡ್ಡ ಮಾತುಗಳಿರುವುದಿಲ್ಲ. ಶಾನುಭೋಗರ ಮುಂದೆ ಲೆಕ್ಕ ಒಪ್ಪಿಸಿದ ಹಾಗೆ ಒಂದೊಂದನ್ನೇ ಹೆಸರಿಸುತ್ತಾಳೆ: ಹಟ್ಟಿಯ ಹಸುವಿನ ಕಾಲು, ಅಡುಗೆಮನೆಯ ಮೇಲೆ ಒಡೆದ ಎರಡು ಹೆಂಚು, ನೆರೆಮನೆಯ ಅಕ್ಕನ ಮಗನ ಪರೀಕ್ಷೆ, ಮುಂಬಯಿಯ ಮಕ್ಕಳು. ಕೊನೆಗೆ “ಇವತ್ತಿಗೆ ಇಷ್ಟು” ಎಂದು ಮುಗಿಸಿ ದೀಪ ಆರಿಸುತ್ತಾಳೆ. ಹೆಂಚು ಬದಲಿಸುವವನಿಗೆ ಮರುದಿನ ಬೆಳಿಗ್ಗೆ ಹೇಳಿಕಳುಹಿಸುವವಳೂ ಅವಳೇ. ಆಸ್ಪತ್ರೆಯಿಂದ ಮರಳಿದ ಮೇಲೆ ನಾನೂ ಅದೇ ಪದ್ಧತಿಯನ್ನು ಹಿಡಿದೆ. ಮಲಗುವ ಮೊದಲು ಚಿಂತೆಗಳನ್ನು ಹೆಸರು ಹಿಡಿದು ಕರೆಯುತ್ತೇನೆ. ಹೆಸರಿಲ್ಲದೆ ಸುಳಿದಾಡುವಾಗ ಮನೆಯ ತುಂಬ ಇದ್ದಂತೆ ಕಾಣುವ ಅವು ಎಣಿಸಿದರೆ ಐದೋ ಆರೋ ಇರುತ್ತವೆ. ಅವುಗಳಲ್ಲಿ ಒಂದೆರಡಕ್ಕೆ ನಾಳೆ ನನ್ನಿಂದ ಆಗುವ ಕೆಲಸವಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆಯುತ್ತೇನೆ. ಉಳಿದವನ್ನು ದೇವರ ಕೈಗೆ ಒಪ್ಪಿಸುತ್ತೇನೆ. ಕೆಲವು ರಾತ್ರಿ ಒಪ್ಪಿಸಿದ್ದನ್ನು ಎರಡು ಗಂಟೆಗೆ ಎದ್ದು ಮತ್ತೆ ಕೈಗೆತ್ತಿಕೊಂಡಿರುತ್ತೇನೆ. ಆಗ ಮತ್ತೊಮ್ಮೆ ಒಪ್ಪಿಸಬೇಕಾಗುತ್ತದೆ. ಕೀರ್ತನೆಗಳ ಗ್ರಂಥದಲ್ಲಿಯೂ ಅಳು, ದೂರು, ಭರವಸೆ ಮತ್ತೆ ಮತ್ತೆ ಬರುತ್ತವೆ. ಒಮ್ಮೆ ಹೇಳಿ ಮುಗಿಸಿದವರು ಅಲ್ಲಿ ಯಾರೂ ಇಲ್ಲ.

ಈ ಮಾತುಗಳನ್ನು ಹೇಳುವಾಗ ನನ್ನ ಮನೆಯಲ್ಲಿ ನಾಳೆಯ ಅಕ್ಕಿ ಇದೆ ಎಂಬುದನ್ನು ನಾನು ಮರೆಯುವಂತಿಲ್ಲ. ನಾನು ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕೂಲಿಯವರ ನಾಕಾ ಇದೆ. ಗಾರೆ ಕೆಲಸಕ್ಕೆ, ಮಣ್ಣು ಹೊರುವುದಕ್ಕೆ ಕರೆಯುವವರನ್ನು ಕಾಯುತ್ತ ಅಲ್ಲಿ ಜನ ನಿಂತಿರುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕನ್ನಡ ಅಲ್ಲಿ ಕಿವಿಗೆ ಬೀಳುತ್ತದೆ. ಹೊತ್ತೇರಿದರೂ ಯಾರೂ ಕರೆಯದಿದ್ದರೆ ಬುತ್ತಿ ಹಿಡಿದು ಮರಳಬೇಕು. ಪರಿಚಯವಾದ ಒಬ್ಬ ಹೆಂಗಸನ್ನು “ಹೇಗಿದ್ದೀಯವ್ವಾ?” ಎಂದು ಕೇಳಿದಾಗ ಅವಳೆಂದಳು: “ಇವತ್ತಿಂದು ಆದ್ರ ಸಾಕ್ರಿ. ನಾಳಿಂದು ನಾಳಿಗಿ ನೋಡೋಣ್ರಿ.” ಯೇಸು ನಾಳೆಯ ಮಾತಾಡಿದ್ದು ಇಂಥ ಜನರ ನಡುವೆಯೇ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ದ್ರಾಕ್ಷಿತೋಟದ ಯಜಮಾನ ಸಂಜೆಯ ಹೊತ್ತಿಗೂ ಕೂಲಿ ಸಿಗದೆ ನಿಂತಿದ್ದವರನ್ನು ಕರೆದು ಅವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಕಡಿಮೆ ಕೊಟ್ಟರೆ ಅಂದಿನ ರೊಟ್ಟಿಗೆ ಸಾಲದು ಎಂಬುದು ಆ ಕಥೆಯನ್ನು ಕೇಳಿದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ದಿನಗೂಲಿಯವರ ಮನೆಯಲ್ಲಿ ಬೆಳೆದ ನನಗೂ ಬೇಕಾಗಲಿಲ್ಲ.

ಹಕ್ಕಿಗಳ ಮಾತು ಬರುವ ಅಧ್ಯಾಯದಲ್ಲೇ, ಕೆಲವು ವಾಕ್ಯಗಳ ಹಿಂದೆ, ಕರ್ತನ ಪ್ರಾರ್ಥನೆಯಿದೆ. ಸುರಂಗದಲ್ಲಿ ಹೇಳಿದ ಆ ಪ್ರಾರ್ಥನೆಯನ್ನು ಗಮನಿಸಿದರೆ ಅದರಲ್ಲಿ ‘ನಾನು’ ಎಲ್ಲೂ ಇಲ್ಲ; ಬೇಡುವುದೆಲ್ಲ ‘ನಮಗೆ’. ರೊಟ್ಟಿಯೂ ನಮ್ಮದು. ಹಾಗಿರುವಾಗ ನಾಕಾದಲ್ಲಿ ನಿಂತವಳಿಗೆ “ಚಿಂತಿಸಬೇಡ” ಎಂದು ಹೇಳಿ ನನ್ನ ಗಾಡಿ ಹಿಡಿಯುವುದು ಆ ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿದಂತೆ. ನಮ್ಮ ಕನ್ನಡ ಸಭೆಯ ಸ್ತ್ರೀಯರ ಕೂಟದವರು ಮಳೆಗಾಲದಲ್ಲಿ, ಕೂಲಿ ಕಡಿಮೆಯಾದಾಗ, ಅಲ್ಲಿನ ಕೆಲವು ಮನೆಗಳಿಗೆ ರೇಶನ್ನು ಕೊಡುವ ಏರ್ಪಾಡು ಮಾಡಿದ್ದಾರೆ. ಸಣ್ಣ ಕೆಲಸ. ಆದರೆ ತಮ್ಮದೇ ಚಿಂತೆಯಲ್ಲಿ ಮುಳುಗಿದ್ದ ಇಬ್ಬರು ಮೂವರು ಅಕ್ಕಿಯ ಚೀಲ ಹೊರುತ್ತ ಹಗುರಾದದ್ದನ್ನು ನಾನು ಕಂಡಿದ್ದೇನೆ.

ಇಷ್ಟರಿಂದಲೂ ಇಳಿಯದ ಚಿಂತೆ ಉಂಟು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು, ಬದುಕೇ ಬೇಡವೆನಿಸುವುದು ಕಾಯಿಲೆಯ ಲಕ್ಷಣಗಳಾಗಿರಬಹುದು, ಅವುಗಳಿಗೆ ವೈದ್ಯರಿದ್ದಾರೆ. ನಮ್ಮ ಸಭೆಯ ಯುವಕನೊಬ್ಬ ಲೋಕಲ್ ಗಾಡಿಯಲ್ಲಿ ಹೃದಯಾಘಾತವೆಂದೇ ಭಾವಿಸಿ ಕುಸಿದುಬಿದ್ದ. ಹೃದಯ ನೆಟ್ಟಗಿತ್ತು, ತೀವ್ರ ಆತಂಕದ ಕಾಯಿಲೆಯೆಂದು ವೈದ್ಯರು ಹೇಳಿ ಔಷಧ, ಆಪ್ತಸಲಹೆ ಎರಡನ್ನೂ ಕೊಟ್ಟರು. ಇನ್ನಷ್ಟು ಪ್ರಾರ್ಥಿಸಿದರೆ ಸಾಕು, ಗುಳಿಗೆ ಬೇಡ ಎಂದವರೂ ಇದ್ದರು. ಅವನು ಎರಡನ್ನೂ ಬಿಡಲಿಲ್ಲ, ಈಗ ಚೆನ್ನಾಗಿದ್ದಾನೆ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಪ್ರೀತಿಯಿಂದ ಹೆಸರಿಸುತ್ತದೆ. ಔಷಧಕ್ಕೂ ಪ್ರಾರ್ಥನೆಗೂ ಅಲ್ಲಿ ಜಗಳವಿರಲಿಲ್ಲ. ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಬೇಕೆನಿಸುವ ಹೊರನಾಡಿನವರಿಗೆ ಒಂದು ಮಾತು: ಭಾರತ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಹಗಲಿರುಳೂ ಸಿಗುತ್ತದೆ, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ.

ಅಮ್ಮನಿಗೆ ಈಗ 84. ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಹಸುವನ್ನು ಕೊಟ್ಟಾಗಿದೆ, ಪಾಚಿಯಿದ್ದ ಜಾಗಕ್ಕೆ ಕಾಂಕ್ರೀಟು ಬಂದಿದೆ, ರಾತ್ರಿ ಜೊತೆಗೆ ಮಲಗಲು ಒಬ್ಬರನ್ನು ಗೊತ್ತುಮಾಡಿದ್ದೇವೆ. ಮಾಡಬಹುದಾದದ್ದು ಇಷ್ಟು. ಇದರಾಚೆಗೂ ಒಂದು ದಿನ ಬರಲಿದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ದಿನವನ್ನು ತಡೆಯುವ ಶಕ್ತಿಯನ್ನು ನನ್ನ ವಿಶ್ವಾಸ ಎಂದೂ ಮಾತುಕೊಟ್ಟಿಲ್ಲ. ಅದು ಬರುವವರೆಗಿನ ದಿನಗಳನ್ನೆಲ್ಲ ಆ ಒಂದು ದಿನದ ಹೆದರಿಕೆಗೆ ಒಪ್ಪಿಸಿಬಿಡಬೇಡ ಎಂದಷ್ಟೇ ಅದು ಹೇಳುತ್ತದೆ. ಅದು ಬಂದಾಗಲೂ ಆ ದಿನಕ್ಕೆ ಬೇಕಾದಷ್ಟು ಮನ್ನ ಇದ್ದೀತು ಎಂಬ ನಂಬಿಕೆಯ ಮೇಲೆ ಚೀಟಿ ಬರೆದಿಟ್ಟು ಮಲಗುತ್ತೇನೆ.